ಗ್ರಹಣದ ದಿನ ಊಟ ಮಾಡ್ಬಹುದಾ? ನಂಬಿಕೆ, ವಿಜ್ಞಾನ ಮತ್ತು ನಾವು

ಮೊದಲೇ ಹೇಳಿಬಿಡ್ತೀವಿ, ದೇವರು ಇದ್ದಾನಾ ಇಲ್ವಾ ಅಂತ ಈ ಲೇಖನದಲ್ಲಿ ತೀರ್ಮಾನ ಆಗಲ್ಲ. ಅದಕ್ಕೆ ರಾತ್ರಿ ಎರಡು ಗಂಟೆಗೆ ಹಾಸ್ಟೆಲ್ ಕಾರಿಡಾರ್‌ನಲ್ಲಿ ನಡೆಯೋ ಚರ್ಚೆಗಳಿವೆ. ನಮ್ಮ ಪ್ರಶ್ನೆ ಅದಕ್ಕಿಂತ ಚಿಕ್ಕದು. ಒಬ್ಬನೇ ಮನುಷ್ಯ ಬೆಳಿಗ್ಗೆ ದೇವರಿಗೆ ಕೈಮುಗಿದು, ಒಂಬತ್ತು ಗಂಟೆಗೆ ಲ್ಯಾಬ್‌ಗೆ ಹೋಗಿ ರೀಡಿಂಗ್ ತಗೊಂಡರೆ ಅದರಲ್ಲಿ ಏನಾದ್ರೂ ಮೋಸ ಇದೆಯಾ? ಎರಡೂ ಒಂದೇ ತಲೆಯಲ್ಲಿ ಒಟ್ಟಿಗೆ ಇರಬಹುದಾ?

ನಾವು ಅಂದ್ರೆ ಮೈಸೂರಿನ ಲಷ್ಕರ್ ಮೊಹಲ್ಲಾದ ಒಂದು ಮನೆಯ ಮಹಡಿ ಮೇಲೆ ಬಾಡಿಗೆಗಿರೋ ನಾಲ್ಕು ಜನ ಎರಡನೇ ವರ್ಷದ ವಿದ್ಯಾರ್ಥಿಗಳು. ನಾಲ್ವರೂ ಇಂಗ್ಲಿಷ್ ಮೀಡಿಯಂ, ಆದ್ದರಿಂದ ಕನ್ನಡದಲ್ಲಿ ತಪ್ಪಿದ್ರೆ ಕ್ಷಮಿಸಿ. ಈ ಪ್ರಶ್ನೆ ನಮಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಒಂದು ಭಾನುವಾರ ಮಧ್ಯಾಹ್ನ ಫೋನ್‌ನಲ್ಲಿ ಬಂತು.

ಆ ಭಾನುವಾರ

2025ರ ಸೆಪ್ಟೆಂಬರ್ 7. ಅವತ್ತು ರಾತ್ರಿ ಪೂರ್ಣ ಚಂದ್ರಗ್ರಹಣ. ಇಡೀ ಭಾರತಕ್ಕೆ ಶುರುವಿನಿಂದ ಕೊನೆವರೆಗೂ ಕಾಣೋ ಗ್ರಹಣ. ತಾರಸಿ ಮೇಲೆ ಚಾಪೆ ಹಾಕಿ ನೋಡೋದು ಅಂತ ನಾವು ಒಂದು ವಾರದಿಂದ ಪ್ಲ್ಯಾನ್ ಮಾಡಿದ್ವಿ.

ಹನ್ನೆರಡು ಗಂಟೆ ಹೊತ್ತಿಗೆ ನಮ್ಮಲ್ಲೊಬ್ಬನ ಅಕ್ಕ ಊರಿಂದ ಫೋನ್ ಮಾಡಿದರು. ಅವರಿಗೆ ಆಗ ಏಳು ತಿಂಗಳು. ಬಸುರಿಯಲ್ಲಿ ಬರೋ ಸಕ್ಕರೆ ಕಾಯಿಲೆ ಇತ್ತು, ದಿನಾ ಇನ್ಸುಲಿನ್ ಚುಚ್ಚಿಕೊಳ್ತಿದ್ದರು. ಮನೆಯಲ್ಲಿ ಅಜ್ಜಿ ಹೇಳಿದ್ದು ಇಷ್ಟು. ಗ್ರಹಣ ಹಿಡಿಯೋದು ರಾತ್ರಿ 9 ಗಂಟೆ 57 ನಿಮಿಷಕ್ಕೆ. ಚಂದ್ರಗ್ರಹಣಕ್ಕೆ ಒಂಬತ್ತು ಗಂಟೆ ಮುಂಚೆ ವೇಧ ಶುರು. ಹಾಗಾಗಿ ಮಧ್ಯಾಹ್ನ ಒಂದು ಗಂಟೆಯಿಂದ ಗ್ರಹಣ ಬಿಡೋವರೆಗೆ, ಅಂದ್ರೆ ರಾತ್ರಿ ಸುಮಾರು ಒಂದೂವರೆವರೆಗೆ, ಊಟ ಇಲ್ಲ, ನೀರೂ ಇಲ್ಲ, ಕೋಣೆ ಬಿಟ್ಟು ಆಚೆ ಬರೋ ಹಾಗಿಲ್ಲ. "ಏನೋ ಮಾಡ್ಲಿ? ಅಜ್ಜಿ ಅಳ್ತಾ ಕೂತಿದ್ದಾರೆ" ಅಂತ ಅಕ್ಕ ಕೇಳಿದರು.

ಇನ್ಸುಲಿನ್ ತಗೊಂಡು ಹನ್ನೆರಡು ಗಂಟೆ ಏನೂ ತಿನ್ನದೆ ಇದ್ದರೆ ರಕ್ತದ ಸಕ್ಕರೆ ಅಪಾಯಕ್ಕೆ ಇಳಿಯುತ್ತೆ. ಇನ್ಸುಲಿನ್ನೇ ಬಿಟ್ಟರೆ ಏರುತ್ತೆ. ಎರಡರಲ್ಲೂ ತಾಯಿಗೂ ತೊಂದರೆ, ಮಗುವಿಗೂ ತೊಂದರೆ. ನಮ್ಮ ಚರ್ಚೆಗಳೆಲ್ಲ ಅಲ್ಲಿವರೆಗೆ ಟೈಮ್‌ಪಾಸ್ ಆಗಿದ್ದವು. ಅವತ್ತು ಮೊದಲ ಸಲ ನಮ್ಮ ಉತ್ತರಕ್ಕೆ ಒಂದು ಬೆಲೆ ಇತ್ತು.

ನಾವು ಏನು ಮಾಡಿದ್ವಿ ಅಂತ ಆಮೇಲೆ ಹೇಳ್ತೀವಿ. ಅದಕ್ಕೆ ಮುಂಚೆ ಅಜ್ಜಿಯ ಕೈಯಲ್ಲಿದ್ದ ಪಂಚಾಂಗವನ್ನ ಸ್ವಲ್ಪ ನೋಡೋಣ.

ಪಂಚಾಂಗದ ಒಂದೇ ಪುಟ, ಎರಡು ಥರದ ಮಾತು

ಮೈಸೂರಿನವರಿಗೆ ಪಂಚಾಂಗದ ಬಗ್ಗೆ ಹೇಳಬೇಕಾಗಿಲ್ಲ. ಒಂಟಿಕೊಪ್ಪಲ್ ಪಂಚಾಂಗ ನಮ್ಮ ಊರಿನದೇ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಅನ್ನೋ ಐದು ಅಂಗ ಇರೋದ್ರಿಂದ ಪಂಚಾಂಗ. ಇದರಲ್ಲಿ ತಿಥಿ ಅನ್ನೋದು ಪಕ್ಕಾ ಜ್ಯಾಮಿತಿ. ಸೂರ್ಯ ಮತ್ತು ಚಂದ್ರನ ನಡುವಿನ ಕೋನ 12 ಡಿಗ್ರಿ ಹೆಚ್ಚಿದಾಗಲೆಲ್ಲ ಒಂದು ತಿಥಿ ಮುಗಿಯುತ್ತೆ. 30 ತಿಥಿಗೆ 360 ಡಿಗ್ರಿ. ಕೋನ ಸೊನ್ನೆ ಆದಾಗ ಅಮಾವಾಸ್ಯೆ, 180 ಆದಾಗ ಹುಣ್ಣಿಮೆ.

ಗ್ರಹಣದ ಹೊತ್ತೂ ಹೀಗೇ ಲೆಕ್ಕದಿಂದ ಬರೋದು. ಬೇಕಾದರೆ ನೀವೂ ಮಾಡಿ ನೋಡಿ. ಚಂದ್ರ ಇರೋ ದೂರದಲ್ಲಿ ಭೂಮಿಯ ದಟ್ಟ ನೆರಳಿನ ಅಗಲ ಸುಮಾರು 9,200 ಕಿ.ಮೀ. ಚಂದ್ರನ ವ್ಯಾಸ ಸುಮಾರು 3,475 ಕಿ.ಮೀ. ನೆರಳನ್ನ ಮುಟ್ಟಿದಲ್ಲಿಂದ ಪೂರ್ತಿ ಬಿಟ್ಟು ಹೊರಬರೋವರೆಗೆ ಚಂದ್ರ ಹೋಗಬೇಕಾದ ದೂರ ಇವೆರಡರ ಮೊತ್ತ, ಸುಮಾರು 12,700 ಕಿ.ಮೀ. ನೆರಳಿಗೆ ಹೋಲಿಸಿದರೆ ಚಂದ್ರನ ವೇಗ ಗಂಟೆಗೆ ಸುಮಾರು 3,400 ಕಿ.ಮೀ. ಭಾಗಿಸಿದರೆ ಸುಮಾರು ಮೂರು ಮುಕ್ಕಾಲು ಗಂಟೆ. ಅವತ್ತಿನ ಗ್ರಹಣ ನಡೆದದ್ದು ಸುಮಾರು 3 ಗಂಟೆ 29 ನಿಮಿಷ. ಚಂದ್ರ ನೆರಳಿನ ನಟ್ಟನಡುವೆ ಹಾಯದೆ ಸ್ವಲ್ಪ ಪಕ್ಕದಲ್ಲಿ ಹಾದುಹೋದದ್ದರಿಂದ ದಾರಿ ಸ್ವಲ್ಪ ಗಿಡ್ಡ ಆಯ್ತು. ಎರಡು ಸಾಲಿನ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದರೆ ಪಾಸ್ ಅಲ್ವಾ?

ಹಾಗಾದರೆ ಪಂಚಾಂಗದ ಗ್ರಹಣದ ಪುಟದಲ್ಲಿ ಎರಡು ಥರದ ಮಾತಿದೆ. ಒಂದು, ಇಷ್ಟು ಹೊತ್ತಿಗೆ ಹಿಡಿಯುತ್ತೆ, ಇಷ್ಟು ಹೊತ್ತಿಗೆ ಬಿಡುತ್ತೆ. ಇದನ್ನ ಯಾರು ಬೇಕಾದರೂ ತಾರಸಿ ಹತ್ತಿ ಗಡಿಯಾರ ಹಿಡಿದು ನೋಡಬಹುದು. ತಪ್ಪಾದರೆ ಗೊತ್ತಾಗುತ್ತೆ. ಇನ್ನೊಂದು, ಯಾವ ರಾಶಿಯವರು ಶಾಂತಿ ಮಾಡಿಸಬೇಕು, ಯಾವಾಗ ಉಣ್ಣಬಾರದು ಅನ್ನೋದು. ಎರಡೂ ಒಂದೇ ಅಕ್ಷರದಲ್ಲಿ, ಒಂದೇ ಪುಟದಲ್ಲಿ ಅಚ್ಚಾಗಿರುತ್ತೆ. ಮೊದಲನೇದು ಪ್ರತಿ ಸಲ ನಿಜ ಆಗೋದ್ರಿಂದ ಎರಡನೇದೂ ನಿಜ ಇರಬೇಕು ಅಂತ ಅನಿಸುತ್ತೆ. ಅಜ್ಜಿಯ ವಾದವೂ ಅದೇ ಆಗಿತ್ತು: "ಟೈಮು ಸರಿಯಾಗಿ ಹೇಳಿರೋರು ಇದನ್ನ ತಪ್ಪು ಹೇಳ್ತಾರಾ?"

ಇದು ದಡ್ಡ ಪ್ರಶ್ನೆ ಅಲ್ಲ. ಒಂದು ವಿಷಯದಲ್ಲಿ ನಂಬಿಕೆ ಉಳಿಸಿಕೊಂಡವರನ್ನ ಇನ್ನೊಂದರಲ್ಲೂ ನಂಬೋದು ಎಲ್ಲರೂ ಮಾಡೋ ಕೆಲಸವೇ. ಆದರೆ ಉತ್ತರ ಮಾತ್ರ, ಹೌದು, ಹೇಳಬಹುದು.

ರಾಹುವಿನ ಕಥೆ ಮತ್ತು ಬ್ರಹ್ಮಗುಪ್ತನ ಇಕ್ಕಟ್ಟು

ಚಂದ್ರ ಸುತ್ತೋ ದಾರಿ ಭೂಮಿ ಸುತ್ತೋ ದಾರಿಗಿಂತ ಸುಮಾರು 5 ಡಿಗ್ರಿ ಓರೆ. ಅದಕ್ಕೇ ಪ್ರತಿ ಹುಣ್ಣಿಮೆಗೂ ಗ್ರಹಣ ಆಗಲ್ಲ. ಎರಡು ದಾರಿ ಒಂದನ್ನೊಂದು ದಾಟೋ ಎರಡು ಜಾಗ ಇವೆ. ಹುಣ್ಣಿಮೆ ಚಂದ್ರ ಆ ಜಾಗದ ಹತ್ತಿರ ಇದ್ದರೆ ಮಾತ್ರ ಗ್ರಹಣ. ಆ ಎರಡು ಬಿಂದುಗಳಿಗೆ ನಮ್ಮ ಜ್ಯೋತಿಷದಲ್ಲಿ ಇರೋ ಹೆಸರೇ ರಾಹು ಮತ್ತು ಕೇತು. ಪಂಚಾಂಗದಲ್ಲಿ ಇವೆರಡೂ ಯಾವಾಗಲೂ ಎದುರುಬದುರು, 180 ಡಿಗ್ರಿ ದೂರ ಯಾಕಿರುತ್ತವೆ ಅಂತ ಈಗ ಗೊತ್ತಾಯ್ತಲ್ಲ.

ಗ್ರಹಣ ಅಂದ್ರೆ ನೆರಳು ಅಂತ ಆರ್ಯಭಟ ಕ್ರಿ.ಶ. 499ರ ಆರ್ಯಭಟೀಯದಲ್ಲೇ ಹೇಳಿದ್ದ. ಇದಾದ ಸುಮಾರು 130 ವರ್ಷಕ್ಕೆ ಬ್ರಹ್ಮಗುಪ್ತ ಬಂದ. ಸೊನ್ನೆಯ ಲೆಕ್ಕಕ್ಕೆ ನಿಯಮ ಕೊಟ್ಟ ದೊಡ್ಡ ಗಣಿತಜ್ಞ. ಕ್ರಿ.ಶ. 628ರ ತನ್ನ ಗ್ರಂಥದಲ್ಲಿ ಅವನು ಗ್ರಹಣದ ಲೆಕ್ಕವನ್ನೆಲ್ಲ ನೆರಳಿನಿಂದಲೇ ಮಾಡ್ತಾನೆ. ಆದರೆ ಅದೇ ಗ್ರಂಥದಲ್ಲಿ, ರಾಹುವನ್ನ ಒಪ್ಪದ ಆರ್ಯಭಟನಂಥವರನ್ನ ಬೈತಾನೆ. ಶಾಸ್ತ್ರ ಹೇಳಿದ್ದನ್ನ ಬಿಡಬಾರದು ಅಂತ ವಾದ ಮಾಡ್ತಾನೆ. ನಾಲ್ಕು ಶತಮಾನ ಆದಮೇಲೆ ಭಾರತಕ್ಕೆ ಬಂದ ಅಲ್‌ಬಿರೂನಿ ಇದನ್ನ ಓದಿ, ಇಷ್ಟು ಬುದ್ಧಿವಂತ ಹೀಗ್ಯಾಕೆ ಬರೆದ, ಜನರಿಗೆ ಹೆದರಿದನಾ ಅಂತ ಆಶ್ಚರ್ಯಪಡ್ತಾನೆ.

ಇದು ಓದಿದಾಗ ನಮಗೆ ನಗು ಬಂತು, ಆಮೇಲೆ ನಮ್ಮ ನೆನಪೇ ಬಂತು. ಲ್ಯಾಬ್‌ನಲ್ಲಿ ಒಂದು ಥರ, ಮನೆಗೆ ಹೋದಾಗ ಇನ್ನೊಂದು ಥರ ಮಾತಾಡೋದು ನಮಗೂ ಗೊತ್ತು. ಒಂದೇ ತಲೆಯಲ್ಲಿ ಎರಡೂ ಇರಬಹುದು ಅನ್ನೋದಕ್ಕೆ ಬ್ರಹ್ಮಗುಪ್ತನೇ ಸಾಕ್ಷಿ. ಆದರೆ ಗಮನಿಸಿ, ಲೆಕ್ಕ ಮಾಡುವಾಗ ಅವನು ರಾಹುವಿನ ಹೊಟ್ಟೆಯ ಅಳತೆ ತಗೊಳ್ಳಲಿಲ್ಲ. ನೆರಳಿನ ಅಳತೆಯನ್ನೇ ತಗೊಂಡ. ಉತ್ತರ ಸರಿ ಬರಬೇಕು ಅಂದಾಗ ಯಾವುದನ್ನ ಬಳಸಬೇಕು ಅಂತ ಅವನಿಗೆ ಗೊತ್ತಿತ್ತು.

ನಮ್ಮ ಬೀದಿಯ ಮೂರು ಕ್ಯಾಲೆಂಡರ್

ಲಷ್ಕರ್ ಅಂದ್ರೆ ಸೈನ್ಯ. ಈಗ ಈ ಮೊಹಲ್ಲಾದಲ್ಲಿ ಇರೋದು ಅಂಗಡಿ, ಬೇಕರಿ, ಗ್ಯಾರೇಜು, ಮತ್ತೆ ಎಲ್ಲಾ ಜಾತಿ ಧರ್ಮದ ಜನ. ನಮ್ಮ ತಾರಸಿಯಿಂದ ಸೇಂಟ್ ಫಿಲೋಮಿನಾ ಚರ್ಚಿನ ಎರಡು ಗೋಪುರ ಕಾಣುತ್ತೆ, ಸುಮಾರು 175 ಅಡಿ ಎತ್ತರ. 1933ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಚರ್ಚಿನ ಗಂಟೆ, ಮಸೀದಿಯ ಆಜಾನ್, ಗಲ್ಲಿಯ ಗುಡಿಯ ಮಂಗಳಾರತಿ ಮೂರೂ ನಮ್ಮ ಅಲಾರಂಗಳು.

ಆ ವಾರ ಮೂರೂ ಒಟ್ಟಿಗೆ ಬಂದಿದ್ದವು. ಸೆಪ್ಟೆಂಬರ್ 5ಕ್ಕೆ ಈದ್ ಮಿಲಾದ್. 7ಕ್ಕೆ ಗ್ರಹಣ, ಅದೇ ಹುಣ್ಣಿಮೆಯಿಂದ ಪಿತೃಪಕ್ಷದ ದಿನಗಳು. 8ಕ್ಕೆ ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ಮನೆ ಓನರ್ ಆಂಟಿ ಮೂರು ದಿನದಿಂದ ಅದರ ತಯಾರಿಯಲ್ಲಿದ್ದರು.

ಇದರಲ್ಲಿ ಒಂದು ಎಂಜಿನಿಯರಿಂಗ್ ಸಮಸ್ಯೆ ಇದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಹನ್ನೆರಡು ತಿಂಗಳಿಗೆ 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಮ್ಮಿ. ಈ 11 ದಿನವನ್ನ ಏನು ಮಾಡೋದು? ಹಿಂದೂ ಪಂಚಾಂಗ ಮೂರು ವರ್ಷಕ್ಕೊಂದರ ಹಾಗೆ ಅಧಿಕ ಮಾಸ ಸೇರಿಸಿ ಸರಿ ಮಾಡುತ್ತೆ. ಇಸ್ಲಾಮಿ ಕ್ಯಾಲೆಂಡರ್ ಸೇರಿಸೋದೇ ಇಲ್ಲ, ಅದಕ್ಕೇ ರಂಜಾನ್ ಪ್ರತಿ ವರ್ಷ 11 ದಿನ ಹಿಂದೆ ಬರ್ತಾ ಎಲ್ಲಾ ಋತುಗಳನ್ನೂ ಸುತ್ತುತ್ತೆ. ಚರ್ಚಿನ ಈಸ್ಟರ್ ಎರಡನ್ನೂ ಹಿಡಿಯುತ್ತೆ: ಮಾರ್ಚ್ 21 ಅಥವಾ ಅದಾದಮೇಲೆ ಬರೋ ಮೊದಲ ಹುಣ್ಣಿಮೆಯ ನಂತರದ ಭಾನುವಾರ. ಈ ಲೆಕ್ಕ ಋತುವಿನಿಂದ ಜಾರಿಹೋಗಿತ್ತು ಅಂತಲೇ 1582ರಲ್ಲಿ ಪೋಪ್ ಗ್ರೆಗರಿ ಅಕ್ಟೋಬರ್ 4ರ ಮಾರನೇ ದಿನವನ್ನ ಅಕ್ಟೋಬರ್ 15 ಅಂತ ಮಾಡಿದ್ದು. ನಮ್ಮ ಫೋನಿನಲ್ಲಿರೋ ಕ್ಯಾಲೆಂಡರ್ ಹುಟ್ಟಿದ್ದೇ ಒಂದು ಹಬ್ಬದ ತಾರೀಕು ಸರಿ ಮಾಡೋಕೆ.

ನಮ್ಮಲ್ಲೂ ಹೀಗೆ ಜಾರಿದ್ದು ಇದೆ. ಸಂಕ್ರಾಂತಿ ದಿನ ಸೂರ್ಯ ಉತ್ತರಕ್ಕೆ ತಿರುಗ್ತಾನೆ ಅಂತೀವಿ. ನಿಜವಾಗಿ ತಿರುಗೋದು ಡಿಸೆಂಬರ್ 21 ಅಥವಾ 22ಕ್ಕೆ. ಭೂಮಿಯ ಅಕ್ಷ ನಿಧಾನಕ್ಕೆ ತಿರುಗ್ತಾ ಇರೋದ್ರಿಂದ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ವ್ಯತ್ಯಾಸ ಬಿದ್ದು ಇಷ್ಟಾಗಿದೆ. ಇದನ್ನೆಲ್ಲ ಸರಿಪಡಿಸೋಕೆ 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಸಮಿತಿ ಮಾಡಿತ್ತು. ನಾವಿನ್ನೂ ಜನವರಿಯಲ್ಲೇ ಎಳ್ಳು ಬೆಲ್ಲ ಬೀರ್ತೀವಿ. ಅದರಿಂದ ಯಾರಿಗೂ ಏನೂ ಆಗಿಲ್ಲ. ಎಳ್ಳು ಬೆಲ್ಲ ಡಿಸೆಂಬರ್‌ನಲ್ಲಿ ತಿಂದರೂ ಜನವರಿಯಲ್ಲಿ ತಿಂದರೂ ಅಷ್ಟೇ ರುಚಿ.

ಕೆಳಗಿನ ಟೈಲರ್ ಅಂಗಡಿ ಭಾಯ್ ಅವತ್ತು ಇನ್ನೊಂದು ವಿಷಯ ಹೇಳಿದರು. ಪ್ರವಾದಿ ಮುಹಮ್ಮದರ ಪುಟ್ಟ ಮಗ ಇಬ್ರಾಹಿಂ ತೀರಿಕೊಂಡ ದಿನ ಸೂರ್ಯಗ್ರಹಣ ಆಯ್ತಂತೆ. ಆ ಸಾವಿಗೇ ಸೂರ್ಯ ಕಪ್ಪಾದ ಅಂತ ಜನ ಮಾತಾಡಿಕೊಂಡರು. ಪ್ರವಾದಿಗಳು ಅದನ್ನ ಒಪ್ಪಲಿಲ್ಲ. ಯಾರ ಸಾವಿಗೂ, ಯಾರ ಹುಟ್ಟಿಗೂ ಗ್ರಹಣ ಆಗಲ್ಲ, ಗ್ರಹಣ ಕಂಡರೆ ಪ್ರಾರ್ಥನೆ ಮಾಡಿ ಅಂತ ತಿಳಿಸಿದರು ಅಂತ ಹದೀಸ್‌ನಲ್ಲಿದೆ. ಮಗನನ್ನ ಕಳಕೊಂಡ ತಂದೆ ಆ ದಿನವೂ ಹಾಗೆ ಹೇಳಿದ್ದು ನಮಗೆ ತುಂಬಾ ದೊಡ್ಡದು ಅನಿಸಿತು. "ರಾತ್ರಿ ಗ್ರಹಣದ ನಮಾಜ್ ಇದೆ, ಹೋಗ್ಬಿಟ್ಟು ಬಂದು ನಿಮ್ ಜೊತೆ ನೋಡ್ತೀನಿ" ಅಂದರು ಭಾಯ್.

ಜಗಳ ಎಲ್ಲಿ ಶುರುವಾಗುತ್ತೆ?

ಅಲ್ಲಿಗೆ ಎಲ್ಲಾ ಸುಖವಾಗಿದೆ ಅಂತ ಲೇಖನ ಮುಗಿಸಿಬಿಡಬಹುದಿತ್ತು. ಆದರೆ 2019ರ ಡಿಸೆಂಬರ್ 26 ನೆನಪಿದೆಯಾ? ಆಗ ನಾವು ಹೈಸ್ಕೂಲು. ಮಂಗಳೂರಲ್ಲಿ, ಕೊಡಗಿನ ಕುಟ್ಟದಲ್ಲಿ, ಕಾಸರಗೋಡಿನ ಚೆರುವತ್ತೂರಲ್ಲಿ ಸೂರ್ಯ ಬಳೆ ಥರ ಕಂಡ. ಅದೇ ಬೆಳಿಗ್ಗೆ ಕಲಬುರಗಿ ಹತ್ತಿರದ ತಾಜ್‌ಸುಲ್ತಾನ್‌ಪುರದಲ್ಲಿ ಅಂಗವಿಕಲ ಮಕ್ಕಳನ್ನ ಕುತ್ತಿಗೆವರೆಗೆ ತಿಪ್ಪೆ ಮಣ್ಣಲ್ಲಿ ಹೂತಿಟ್ಟಿದ್ದರು. ಗ್ರಹಣದ ಹೊತ್ತಲ್ಲಿ ಹೀಗೆ ಮಾಡಿದರೆ ಊನ ಸರಿಹೋಗುತ್ತೆ ಅನ್ನೋ ನಂಬಿಕೆ. ಮಕ್ಕಳು ಅಳ್ತಿದ್ದ ಚಿತ್ರಗಳು ಟಿವಿಯಲ್ಲಿ ಬಂದವು.

ಆ ತಂದೆತಾಯಿ ಕೆಟ್ಟವರು ಅಂತ ನಾವು ಅಂದುಕೊಳ್ಳಲ್ಲ. ಮಗು ನಡೆಯಲಿ ಅನ್ನೋ ಆಸೆಗೆ ಯಾರೋ ಹೇಳಿದ್ದನ್ನ ಮಾಡಿದರು. ಆದರೆ ಎಳ್ಳು ಬೆಲ್ಲಕ್ಕೂ ಇದಕ್ಕೂ ಇರೋ ವ್ಯತ್ಯಾಸ ಸ್ಪಷ್ಟ. ಇಲ್ಲಿ ನಂಬಿಕೆ ಒಂದು ಫಲಿತಾಂಶವನ್ನ ಹೇಳ್ತಿದೆ: ಕಾಲು ಸರಿಹೋಗುತ್ತೆ. ಇದು ಪರೀಕ್ಷೆ ಮಾಡಿ ನೋಡಬಹುದಾದ ಮಾತು. ಅದೂ ಅಲ್ಲದೆ, ಅದರ ಬೆಲೆ ಕಟ್ಟಬೇಕಾದವರು ನಂಬಿದವರಲ್ಲ, ಬೇಡ ಅನ್ನೋಕೆ ಆಗದ ಮಗು.

ಮೂಢನಂಬಿಕೆ ತಡೆಯೋಕೆ ಕರ್ನಾಟಕ 2017ರಲ್ಲಿ ಮಾಡಿದ ಅಮಾನವೀಯ ದುಷ್ಟ ಪದ್ಧತಿಗಳ ಕಾನೂನು ಕೂಡ ಗೆರೆಯನ್ನ ಇಲ್ಲೇ ಎಳೆಯುತ್ತೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆ ಇವನ್ನೆಲ್ಲ ಅದು ಮುಟ್ಟಲ್ಲ. ಮನುಷ್ಯನಿಗೆ ಹಿಂಸೆ, ಅವಮಾನ, ಮೋಸ ಆಗೋ ಕಡೆ ಮಾತ್ರ ಕೈ ಹಾಕುತ್ತೆ.

ಇದನ್ನ ನಮಗಿಂತ ಮುಂಚೆ ಕೇಳಿದವರು ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರಿನ ಹೊಸೂರಿನವರು, ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಓದಿ ಬಂದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನ ವೈಜ್ಞಾನಿಕವಾಗಿ ಪರೀಕ್ಷಿಸೋ ಸಮಿತಿ ಮಾಡಿದರು. ದೊಡ್ಡ ಗಲಾಟೆ ಆಯ್ತು. ಅವರು ಕೇಳಿದ್ದು ಇಷ್ಟೇ, ಪವಾಡ ಆಗುತ್ತೆ ಅಂದರೆ ತೋರಿಸಿ, ನೋಡೋಣ. ನಮ್ಮ ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳೋದೂ ಇದನ್ನೇ. ಅದೇ 1976ರ ತಿದ್ದುಪಡಿಯಲ್ಲಿ ಸಂವಿಧಾನದ 51ಎ ವಿಧಿಗೆ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳೋದು ಪ್ರಜೆಯ ಕರ್ತವ್ಯ ಅಂತ ಸೇರಿತು.

ಹಾಗಂತ ವೈಚಾರಿಕತೆ ಅಂದ್ರೆ ಭಕ್ತಿ ಇರಬಾರದು ಅಂತಲೂ ಅಲ್ಲ. ನಮ್ಮ ಮೈಸೂರಿನಲ್ಲೇ ಬಾಳಿದ ಕುವೆಂಪು ಅವರನ್ನ ನೋಡಿ. ರಾಮಕೃಷ್ಣ ಪರಮಹಂಸರ, ವಿವೇಕಾನಂದರ ಜೀವನಚರಿತ್ರೆ ಬರೆದ ಭಕ್ತರು. ಮೌಢ್ಯವನ್ನ, ಪುರೋಹಿತಶಾಹಿಯನ್ನ ಅವರಷ್ಟು ಖಾರವಾಗಿ ಬೈದವರೂ ಕಮ್ಮಿ.

ಅಜ್ಜಿಗೆ ನಾವು ಹೇಳಿದ್ದು, ಅಜ್ಜಿ ನಮಗೆ ಹೇಳಿದ್ದು

ಈಗ ಫೋನಿನ ವಿಷಯ. ನಾವು ಮೊದಲು ಮಾಡಿದ್ದು ಪೂರ್ತಿ ತಪ್ಪು. ಸ್ಪೀಕರ್ ಹಾಕಿಸಿ ಅಜ್ಜಿಗೆ ನೆರಳು, ಕಕ್ಷೆ ಅಂತ ಲೆಕ್ಚರ್ ಕೊಟ್ವಿ. "ಅಮಾವಾಸ್ಯೆ ರಾತ್ರಿ ಚಂದ್ರನ ಬೆಳಕೇ ಇರಲ್ಲ ಅಜ್ಜಿ, ಅವತ್ತು ಅನ್ನ ವಿಷ ಆಗುತ್ತಾ?" ಅಂತ ಕೇಳಿದ್ವಿ. ವಾದ ಸರಿಯಾಗೇ ಇತ್ತು. ಆದರೆ ಅಜ್ಜಿ ತಿರುಗಿ ಕೇಳಿದರು: "ಪರೀಕ್ಷೆ ಹಿಂದಿನ ದಿನ ನೀವು ಚಾಮುಂಡಿ ಬೆಟ್ಟ ಹತ್ತೋದು ಯಾಕಪ್ಪಾ? ಓದಿದ್ರೆ ಸಾಲ್ದಾ?"

ನಾಲ್ವರೂ ಸುಮ್ಮನಾದ್ವಿ. ಮೊದಲ ಸೆಮ್‌ನಲ್ಲಿ ಮ್ಯಾಥ್ಸ್ ಪೇಪರ್ ಹಿಂದಿನ ದಿನ ಸಾವಿರ ಮೆಟ್ಟಿಲು ಹತ್ತಿದ್ದು ನಿಜ. ಆಯುಧಪೂಜೆ ದಿನ ಲ್ಯಾಪ್‌ಟಾಪ್‌ಗೆ ಕುಂಕುಮ ಇಟ್ಟಿದ್ದೂ ನಿಜ.

ಆ ಪ್ರಶ್ನೆಗೆ ಉತ್ತರ ನಮಗೆ ಹೊಳೆದದ್ದು ಆಮೇಲೆ, ಇಸ್ರೋ ನೆನಪಾದಾಗ. ಉಡಾವಣೆಗೆ ಮುಂಚೆ ಇಸ್ರೋದವರು ರಾಕೆಟ್‌ನ ಪುಟ್ಟ ಮಾದರಿ ಹಿಡಿದು ತಿರುಪತಿಗೆ ಹೋಗೋದು ಎಲ್ಲರಿಗೂ ಗೊತ್ತು. ಚಂದ್ರಯಾನ-2ರ ಲ್ಯಾಂಡರ್ ಬಿದ್ದದ್ದು 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ. ಆಮೇಲೆ ಯಾರೂ ಪೂಜೆ ಕಮ್ಮಿ ಆಯ್ತು ಅಂತ ವರದಿ ಬರೀಲಿಲ್ಲ. ಡೇಟಾ ನೋಡಿದರು, ಎಂಜಿನ್ ನೂಕುಬಲ ಲೆಕ್ಕಕ್ಕಿಂತ ಹೆಚ್ಚಾಗಿತ್ತು ಅಂತ ಕಂಡುಕೊಂಡರು, ಏನೇನು ಕೆಡಬಹುದು ಅಂತ ಪಟ್ಟಿ ಮಾಡಿ ವಿನ್ಯಾಸ ಬದಲಿಸಿದರು. 2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಇಳಿಯಿತು. ತಿರುಪತಿ ಧೈರ್ಯ ಕೊಟ್ಟಿರಬಹುದು, ಆದರೆ ಯಾವ ಟೆಸ್ಟನ್ನೂ ರದ್ದು ಮಾಡಲಿಲ್ಲ.

ಬೆಟ್ಟ ಹತ್ತೋದೂ ಹೀಗೇ. ಓದೋದರ ಜೊತೆಗೆ ಹತ್ತಿದರೆ ಅದು ನಮ್ಮ ಮನಸ್ಸಿನ ವಿಷಯ. ಓದೋದರ ಬದಲಿಗೆ ಹತ್ತಿದರೆ ಬ್ಯಾಕ್‌ಲಾಗ್ ಗ್ಯಾರಂಟಿ. ಜಪ ಅಕ್ಕನಿಗೆ ಧೈರ್ಯ ಕೊಡಬಹುದು. ಊಟದ ಬದಲು, ಔಷಧಿ ಬದಲು ಜಪ ನಿಲ್ಲಬಾರದು.

ಕೊನೆಗೆ ಸಮಸ್ಯೆ ಬಗೆಹರಿದದ್ದು ನಮ್ಮ ಲೆಕ್ಚರಿನಿಂದ ಅಲ್ಲ. ಅಕ್ಕ ತಮ್ಮ ಡಾಕ್ಟರಿಗೆ ಫೋನ್ ಮಾಡಿದರು. ಊಟ ಬಿಡೋ ಹಾಗೇ ಇಲ್ಲ ಅಂತ ಡಾಕ್ಟರ್ ಅಜ್ಜಿಗೇ ಹೇಳಿದರು. ಆಗ ಅಜ್ಜಿ ಕನ್ನಡಕ ಹಾಕಿಕೊಂಡು ಪಂಚಾಂಗವನ್ನ ಇನ್ನೊಂದು ಸಲ ಓದಿದರು. ಮಕ್ಕಳು, ಮುದುಕರು, ಅಶಕ್ತರು, ಗರ್ಭಿಣಿಯರಿಗೆ ನಿಯಮದಲ್ಲಿ ವಿನಾಯಿತಿ ಇದೆ ಅನ್ನೋ ಸಾಲು ಅಲ್ಲೇ ಇತ್ತು. ಹಳಬರೂ ಇದನ್ನ ಯೋಚನೆ ಮಾಡಿದ್ದರು ಅಂತ ಗೊತ್ತಾದಾಗ ನಮಗೆ ಸ್ವಲ್ಪ ನಾಚಿಕೆನೂ ಆಯ್ತು. ಅಕ್ಕ ಹೊತ್ತು ಹೊತ್ತಿಗೆ ಊಟ ಮಾಡಿದರು. ಗ್ರಹಣ ಬಿಡೋವರೆಗೆ ಅಜ್ಜಿ ಪಕ್ಕದಲ್ಲಿ ಕೂತು ಜಪ ಮಾಡಿದರು. ಅಕ್ಕನಿಗೂ ಅದು ಬೇಕಿತ್ತು ಅಂತ ಆಮೇಲೆ ಹೇಳಿದರು.

ಹಾಗಾದರೆ ಒಟ್ಟಿಗೆ ಇರಬಹುದಾ?

ಇರಬಹುದು ಅಂತ ನಮ್ಮ ಉತ್ತರ. ಆದರೆ ಒಂದು ಷರತ್ತು ಇದೆ. ನಂಬಿಕೆ "ಕೈಮುಗಿ, ಸಮಾಧಾನ ಸಿಗುತ್ತೆ" ಅಂದರೆ ಅದು ಅವರವರಿಗೆ ಬಿಟ್ಟದ್ದು. "ಹೀಗೆ ಮಾಡಿದರೆ ಹೀಗಾಗುತ್ತೆ" ಅಂದ ತಕ್ಷಣ ಅದು ವೈವಾಕ್ಕೆ ಬರಬೇಕು, ಎಷ್ಟೇ ಹಳೇದಾದರೂ. ಕೆಲವು ಪಾಸ್ ಆಗುತ್ತವೆ. ಸೂರ್ಯಗ್ರಹಣವನ್ನ ಬರಿಗಣ್ಣಲ್ಲಿ ನೋಡಬಾರದು ಅನ್ನೋದು ನೂರಕ್ಕೆ ನೂರು ಸರಿ, ಕಣ್ಣಿನ ರೆಟಿನಾ ಸುಟ್ಟುಹೋಗುತ್ತೆ. ಗ್ರಹಣದಲ್ಲಿ ಅನ್ನ ವಿಷ ಆಗುತ್ತೆ ಅನ್ನೋದು ಫೇಲ್. ಮತ್ತೆ, ನಮ್ಮ ನಂಬಿಕೆಗೆ ನಾವೇ ಉಪವಾಸ ಇರಬಹುದು. ಇನ್ನೊಬ್ಬರನ್ನ, ಅದೂ ಬೇಡ ಅನ್ನೋಕೆ ಆಗದವರನ್ನ, ಉಪವಾಸ ಕೆಡವೋ ಹಕ್ಕು ನಮಗಿಲ್ಲ.

ಅವತ್ತು ರಾತ್ರಿ ಮೋಡ ಬರ್ತಾ ಹೋಗ್ತಾ ಇತ್ತು. ಹನ್ನೊಂದು ಗಂಟೆಗೆ ಚಂದ್ರ ಪೂರ್ತಿ ಮುಳುಗಿ ಚರ್ಚಿನ ಗೋಪುರಗಳ ಮೇಲೆ ತಾಮ್ರದ ಬಣ್ಣಕ್ಕೆ ತಿರುಗಿದ. ಭೂಮಿಯ ಗಾಳಿಯಲ್ಲಿ ಹಾದು ಬರುವಾಗ ನೀಲಿ ಬೆಳಕು ಚದುರಿಹೋಗಿ ಕೆಂಪು ಮಾತ್ರ ಬಾಗಿ ಅಲ್ಲಿಗೆ ತಲುಪೋದ್ರಿಂದ ಹಾಗೆ. ನಮಾಜ್ ಮುಗಿಸಿ ಭಾಯ್ ಬಂದರು. ಆಂಟಿ ಮಾರನೇ ದಿನದ ಹಬ್ಬಕ್ಕೆ ಮಾಡಿದ್ದ ಕೇಕಿನಲ್ಲಿ ಒಂದು ತುಂಡು ತಂದುಕೊಟ್ಟರು. ನಮ್ಮಲ್ಲಿ ಮೂವರು ತಿಂದ್ವಿ. ಒಬ್ಬ ಮಾತ್ರ, ನೆರಳಿನ ಲೆಕ್ಕ ಎಲ್ಲರಿಗಿಂತ ಚೆನ್ನಾಗಿ ಮಾಡಿದವನೇ, "ಗ್ರಹಣ ಬಿಟ್ಟಮೇಲೆ ತಿಂತೀನಿ ಬಿಡ್ರೋ" ಅಂತ ಪಕ್ಕಕ್ಕೆ ಎತ್ತಿಟ್ಟ. ಒಂದೂವರೆಗೆ ತಣ್ಣೀರಲ್ಲಿ ಸ್ನಾನ ಮಾಡಿ ಬಂದು, ನಡುಗ್ತಾ ತಿಂದ. ಯಾರೂ ನಗಲಿಲ್ಲ. ಉಪವಾಸ ಇದ್ದದ್ದು ಅವನೇ ತಾನೇ, ಬೇರೆಯವರನ್ನ ಇರಿಸಲಿಲ್ಲವಲ್ಲ.